ಮಣ್ಣೂರಿನ ಕ್ಯಾಸೆಟ್

ಮೊಮ್ಮಗಳು ಮೈತ್ರಿ ಫೋನಿನಲ್ಲಿ ಎರಡು ವಿದೇಶಿ ಹಾಡು ಕೇಳಿಸಿದ್ದೇ ಸಿದ್ದಲಿಂಗನ ಆ ದಿನದ ಫಜೀತಿಗೆ ಕಾರಣವಾಯಿತು. ಹಾಡುತ್ತಿದ್ದವರಿಬ್ಬರೂ ಗಡ್ಡ ಬಿಟ್ಟ ಗಂಡಸರು; ದನಿ ಮಾತ್ರ ಹೆಂಗಸರದು. ಇಂಥವರಿಗೆ ಕೌಂಟರ್‌ಟೆನರ್ ಅನ್ನುತ್ತಾರೆ, ಆ ಕಡೆ ಇವರಿಗೆ ಬಹಳ ಮರ್ಯಾದೆ ಎಂದು ಸಂಗೀತ ಓದುವ ಮೈತ್ರಿ ವಿವರಿಸಿ, ಇಬ್ಬರಲ್ಲಿ ಯಾರು ಮೇಲು ಎಂದು ಅಜ್ಜನನ್ನು ಕೇಳಿದಳು.

ಜೇವರ್ಗಿಯ ಆ ಪಡಸಾಲೆಯಲ್ಲೇ ಸಿದ್ದಲಿಂಗನ ಕಣ್ಣ ಮುಂದೆ ನಲವತ್ತು ವರ್ಷದ ಹಿಂದಿನ ಪರದೆ ಎದ್ದಿತು. ಆಗ ಅವನು ಊರೂರು ತಿರುಗುವ ನಾಟಕ ಮಂಡಳಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುತ್ತಿದ್ದ. ರಾಣಿಯಾಗಲಿ ದಾಸಿಯಾಗಲಿ, ಸೀರೆ ಉಟ್ಟು ಹಾಡುವವರು ಗುರಣ್ಣ ಮತ್ತು ದೌಲತರಾಯ ಇಬ್ಬರೇ.

"ಮೊದಲನೇವಾ ನಮ್ಮ ಗುರಣ್ಣನಂಗ. ಕಂಠ ಸಣ್ಣದು, ಆದ್ರ ಒಂದೊಂದು ಶಬ್ದಾನೂ ಕಣ್ಣೀರಾಗ ಅದ್ದಿ ಹಾಡ್ತಾನ. ಎರಡನೇವಾ ದೌಲತರಾಯ. ದನಿ ಗಾಳಿಪಟ ಇದ್ದಂಗ, ಎಷ್ಟ ದಾರ ಬಿಟ್ರೂ ಮ್ಯಾಲೇ ಹೋಗ್ತದ. ಆದ್ರ ರುಚಿ ಕಡಿಮಿ."

ಗೋಡೆಯಾಚೆ ಗುಂಡಿ ಹಚ್ಚುತ್ತಿದ್ದ ದರ್ಜಿ ಹಸನಸಾಬ ಇದನ್ನು ಕೇಳಿಸಿಕೊಂಡ. ಬೆಳಗಿನ ಹತ್ತು ಗಂಟೆಯೊಳಗೆ, ಈಗ ಊರಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಗುರಣ್ಣನಿಗೆ ಕಂಠ ಸಣ್ಣದು ಅನ್ನುವಷ್ಟೇ, ಬೀಜದ ಅಂಗಡಿಯ ದೌಲತರಾಯನಿಗೆ ರುಚಿ ಕಡಿಮೆ ಅನ್ನುವಷ್ಟೇ ಸುದ್ದಿ ಮುಟ್ಟಿತ್ತು. ಹಸನಸಾಬನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನು ಬಟ್ಟೆಯನ್ನೂ ಅಳತೆಗಿಂತ ಗಿಡ್ಡವಾಗಿಯೇ ಕತ್ತರಿಸುತ್ತಿದ್ದ.

ಗುರಣ್ಣ ಮೈತುಂಬ ಹಿಟ್ಟಿನಲ್ಲೇ ಬಂದ, ಬಣ್ಣ ಹಚ್ಚಿ ರಂಗಕ್ಕೆ ಹೊರಟವನಂತೆ. ಹಿಂದೆಯೇ ದೌಲತರಾಯ. ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಹೊರಬಂತು. ಸಿದ್ದಲಿಂಗನ ಹೆಂಡತಿ ಹೀರಾಬಾಯಿ ತಂದಿಟ್ಟ ಚಹಾ ಆರಿಹೋಯಿತು. ಇಬ್ಬರೂ ಹಾಡಿ ತೋರಿಸಲು ಹೊರಟರು. ಗುರಣ್ಣನಿಗೆ ಕೆಮ್ಮು ಬಂತು. ದೌಲತರಾಯನ ಮೇಲಿನ ಸ್ವರಕ್ಕೆ ಬೀದಿ ನಾಯಿ ಉತ್ತರ ಕೊಟ್ಟಿತು. ಇಬ್ಬರೂ ಸರಿಸಮ ಎಂದು ಸಿದ್ದಲಿಂಗ ಬಾಯಿಬಿಟ್ಟದ್ದೇ ತಡ, ಇಬ್ಬರೂ ಅವನ ಮೇಲೆಯೇ ತಿರುಗಿಬಿದ್ದರು. ಇವತ್ತು ಒಂದು ತೀರ್ಪು ಕೊಡದಿದ್ದರೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದರು. ಸಿದ್ದಲಿಂಗನಿಗೆ ಸಂಜೆ ಕೂತು ಹಳೆಯ ಮಾತಾಡಲು ಊರಲ್ಲಿ ಉಳಿದವರು ಇವರಿಬ್ಬರೇ.

ಹಸನಸಾಬ ಉಪಕಾರ ಮಾಡುವ ಉಮೇದಿನಲ್ಲಿ ಮನೆಗೆ ಓಡಿ ಹಳೆಯ ಟೇಪ್ ರೆಕಾರ್ಡರ್, ಒಂದು ಕ್ಯಾಸೆಟ್ ಹೊತ್ತು ತಂದ. ಭೀಮಾ ದಂಡೆಯ ಮಣ್ಣೂರಿನಲ್ಲಿ ನಾಟಕವಾದಾಗ ತಾನೇ ರೆಕಾರ್ಡ್ ಮಾಡಿಕೊಂಡಿದ್ದನಂತೆ.

"ಇಬ್ಬರ ಹಾಡೂ ಇದ್ರಾಗ ಅವ. ಕೇಳಿ ಹೇಳ್ರಿ ಪೆಟ್ಟಿಗಿ ಮಾಸ್ತರ."

ಮಣ್ಣೂರು ಎಂದದ್ದೇ ಸಿದ್ದಲಿಂಗನಿಗೆ ಆ ದಿನವೆಲ್ಲ ನೆನಪಾಯಿತು. ಅಲ್ಲಿ ಗುರಣ್ಣ ಹೊಳೆ ದಂಡೆಯಲ್ಲಿ, ದೌಲತರಾಯ ಬೇವಿನ ಮರಗಳ ನಡುವೆ, ಒಬ್ಬನನ್ನೊಬ್ಬ ಮೀರಿಸಬೇಕೆಂದು ಬೆಳಗಿನಿಂದ ತಾಲೀಮು ಮಾಡಿ ಇಬ್ಬರೂ ಗಂಟಲು ಕೂರಿಸಿಕೊಂಡಿದ್ದರು. ಗುರಣ್ಣ ಗುಟ್ಟಾಗಿ ಬಂದು ಕೈಮುಗಿದಿದ್ದ: ನನ್ನ ಹಾಡು ನೀನು ಹಾಡು, ನಾನು ಬಾಯಿ ಆಡಿಸುತ್ತೇನೆ, ದೌಲತನಿಗೆ ಮಾತ್ರ ಗೊತ್ತಾಗಬಾರದು. ಅವನು ಆ ಕಡೆ ಹೋಗುತ್ತಲೇ ದೌಲತರಾಯ ಬಂದು, ಗುರಣ್ಣನಿಗೆ ಮಾತ್ರ ಗೊತ್ತಾಗಬಾರದು ಎಂದು ಅದನ್ನೇ ಕೇಳಿ, ಆಣೆ ಮಾಡಿಸಿಕೊಂಡಿದ್ದ. ಒಬ್ಬನ ಹಾಡು ಮೊದಲ ಅಂಕದಲ್ಲಿ, ಇನ್ನೊಬ್ಬನದು ಕೊನೆಯದರಲ್ಲಿ. ಒಬ್ಬ ರಂಗದ ಮೇಲಿದ್ದಾಗ ಬಣ್ಣದ ಕೋಣೆಯಲ್ಲಿ ಕೂತ ಇನ್ನೊಬ್ಬನಿಗೆ ಕೇಳುತ್ತಿದ್ದುದು ಲೌಡ್‌ಸ್ಪೀಕರ್ ಮಾತ್ರ. ಪರದೆಯ ಮರೆಯಲ್ಲಿ ಪೆಟ್ಟಿಗೆ ಬಾರಿಸುತ್ತ, ಒಬ್ಬೊಬ್ಬರಿಗೂ ಅವರವರ ರೀತಿಯಲ್ಲೇ ಹಾಡಿದವನು ಸಿದ್ದಲಿಂಗ. ಆಮೇಲೆ ಅವನು ಯಾರ ಮುಂದೆಯೂ ಹಾಡಿರಲಿಲ್ಲ.

ಕ್ಯಾಸೆಟ್ ಕರಕರ ಎಂದಿತು. ಸಣ್ಣದೊಂದು ದನಿ ಶಬ್ದಶಬ್ದಕ್ಕೂ ನಿಂತು ಅತ್ತಿತು. ಅದು ಮುಗಿದು ಇನ್ನೊಂದು ಎದ್ದಿತು, ಏರಿತು, ಇಳಿಯಲು ಒಲ್ಲೆ ಎಂಬಂತೆ ಮೇಲೆಯೇ ನಿಂತಿತು. ಹೀರಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೂವರ ಮಾನವೂ ಇವತ್ತಿಗೆ ಹೋಯಿತೆಂದು ಸಿದ್ದಲಿಂಗ ತಲೆ ತಗ್ಗಿಸಿ ಕೂತ.

ಗುರಣ್ಣ ಎದ್ದು ದೌಲತರಾಯನ ಕೈ ಹಿಡಿದ. "ಖರೆ ಹೇಳ್ತೇನಿ ದೌಲತ. ನಂದೇನೂ ಇಲ್ಲ. ದೊಡ್ಡ ಕಂಠ ನಿಂದೇ."

ದೌಲತರಾಯ ಆ ಕೈ ಬಿಡಲಿಲ್ಲ. "ಇಲ್ಲೋ ಗುರಣ್ಣ. ಅವತ್ತ ನಂದೇನಿತ್ತಂತ ನನಗ ಗೊತ್ತದ. ನಿನ್ನಂಗ ಹಾಡೋಂವಾ ಇನ್ನ ಹುಟ್ಟಬೇಕು."

ತನ್ನದೊಂದೇ ಸುಳ್ಳು, ಅವನದು ಖರೆ ಎಂದು ಇಬ್ಬರೂ ನಲವತ್ತು ವರ್ಷ ನಂಬಿದ್ದರು. ಅಪ್ಪಿಕೊಂಡರು. ಒಬ್ಬರ ಹೆಗಲ ಮೇಲಿಂದ ಒಬ್ಬರು, ಬಾಯಿಬಿಡಬೇಡ ಎಂದು ಸಿದ್ದಲಿಂಗನಿಗೆ ಬೇರೆಬೇರೆಯಾಗಿ ಕಣ್ಸನ್ನೆ ಮಾಡಿದರು.

ಹೊಸ ಚಹಾ ಬಂತು. ಗುರಣ್ಣ ಸಾಸರಿಗೆ ಸುರಿದುಕೊಂಡು ಆರಾಮಾಗಿ ಹೇಳಿದ: "ಹಾಡು ಬಂಗಾರ. ಪೆಟ್ಟಿಗಿ ಮಾತ್ರ ಅಲ್ಲಲ್ಲಿ ಬೇಸೂರ."

"ನಾನೂ ಅದನ್ನೇ ಅನ್ನಾಕತ್ತಿದ್ದೆ" ಎಂದ ದೌಲತರಾಯ.

ಹೀರಾಬಾಯಿಯೂ ದನಿಗೂಡಿಸಿದಳು. "ಆ ನಾಟಕ ನೋಡಿ ನಮ್ಮಪ್ಪನೂ ಅಂದಿದ್ದ, ಆ ಪೆಟ್ಟಿಗಿಯಂವಗ ಮಗಳನ್ನ ಕೊಡೂದು ಬ್ಯಾಡ ಅಂತ. ನಾನೇ ಹಟ ಹಿಡಿದೆ."

ಎಲ್ಲರೂ ಸಿದ್ದಲಿಂಗನ ಮುಖ ನೋಡಿದರು. ಅವನು ಚಹಾ ಗುಟುಕರಿಸಿ, ಗಂಟಲು ಸರಿಮಾಡಿಕೊಂಡ.

"ಹೌದು" ಎಂದ. "ಅವತ್ತ ನನ್ನ ಲಕ್ಷ್ಯ ಬ್ಯಾರೆ ಕಡಿ ಇತ್ತು."