ಕುಲುಕದ ಕಾರು

ನಮ್ಮ ವಂಶದ ಮೊದಲ ಪದವೀಧರ ನಾನು. ಎತ್ತಿನ ಗಾಡಿಯ ಹಲಗೆಯ ಮೇಲೆ ಕುಳಿತು, ಬೆನ್ನುಮೂಳೆಗಳನ್ನು ಒಂದೊಂದಾಗಿ ಎಣಿಸಿಕೊಳ್ಳುತ್ತ ಶಾಲೆಗೆ ಹೋದವನು. ನನ್ನ ಮಗಳಾದರೂ ಬೆಣ್ಣೆಯ ಮೇಲೆ ಜಾರಿದಂತೆ ಸಾಗಲಿ ಎಂದು ಶಪಥ ಮಾಡಿದೆ! ಮೂರು ದಿನ ಪುಸ್ತಕ ಓದಿ, ಅಡಿಗೆರೆ ಎಳೆದು, ಮೆಕ್ಯಾನಿಕ್‌ಗೇ ಪಾಠ ಹೇಳಿ, ಹಳೆಯ ಕಾರಿಗೆ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆ.

"ನೋಡು, ಗುಂಡಿಯ ಪೆಟ್ಟನ್ನ ಸ್ಪ್ರಿಂಗ್ ತಡ್ಕೊಳ್ಳತ್ತೆ. ಸ್ಪ್ರಿಂಗಿನ ಕುಣಿತಾನ ಶಾಕ್ ಅಬ್ಸಾರ್ಬರ್ ಒಳಗಿರೋ ಎಣ್ಣೆ ಅಡಗಿಸತ್ತೆ. ಒಳಗೆ ಕೂತೋರಿಗೆ ಕೆಳಗೆ ರಸ್ತೆ ಇದೆ ಅಂತಾನೇ ಗೊತ್ತಾಗಲ್ಲ!"

"ಪಾಠ ಆಮೇಲೆ," ಎಂದಳು ಹೆಂಡತಿ. "ನಾಲ್ಕು ಗಂಟೆಗೆ ಲ್ಯಾಪ್‌ಟಾಪಲ್ಲಿ ನನ್ನ ಇಂಟರ್‌ವ್ಯೂ. ಎರಡು ವರ್ಷ ಆದ್ಮೇಲೆ ಸಿಕ್ಕಿರೋ ಅವಕಾಶ. ಇವಳನ್ನ ದಿನಾ ಮಾಡೋ ಹಾಗೆ ಕಾರಲ್ಲಿ ಒಂದು ಸುತ್ತು ಕರ್ಕೊಂಡು ಹೋಗಿ ಮಲಗಿಸ್ಕೊಂಡು ಬನ್ನಿ, ಸಾಕು."

"ಒಂದು ಸುತ್ತು ಯಾಕೆ? ಅರ್ಧ ಸಾಕು!"

ಒಂದು ಸುತ್ತಾಯಿತು. ಐದಾಯಿತು. ಹಿಂದಿನ ಸೀಟಿನಲ್ಲಿ ಒಂದೂವರೆ ವರ್ಷದ ರಾಜಕುಮಾರಿ ಕಣ್ಣು ಮಿಟುಕಿಸದೆ ಕುಳಿತಿದ್ದಳು. ಆಗ ಹೊಳೆಯಿತು: ಇಷ್ಟು ದಿನ ಅವಳನ್ನು ಮಲಗಿಸುತ್ತಿದ್ದದ್ದು ನನ್ನ ಚಾಲನೆಯಲ್ಲ, ಹಳೆಯ ಕಾರಿನ ಕುಲುಕಾಟ! ಊರಿನ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ ಕಾರು ಇಳಿಸಿದೆ. ಅದು ಎಲ್ಲವನ್ನೂ ನುಂಗಿ ನೀರು ಕುಡಿಯಿತು. ಮಗಳಿಗೆ ನಿದ್ದೆಯ ಬದಲು ಅಳು ಬಂತು.

ಪೆಟ್ರೋಲ್ ತಳ ಕಂಡಿತು. ಗಂಟೆ ನಾಲ್ಕಾಯಿತು. ಅಳುವ ಮಗುವನ್ನು ಒಳಗೆ ಒಯ್ಯುವಂತಿಲ್ಲ. ಮನೆಯ ಮಗ್ಗುಲಲ್ಲಿ ಕಾರು ನಿಲ್ಲಿಸಿ ಬಾನೆಟ್ಟನ್ನು ಎರಡೂ ಕೈಯಿಂದ ಒತ್ತಿದೆ. ಕಾರು ಒಮ್ಮೆ ತಗ್ಗಿ, ಎದ್ದು, ಗಂಭೀರವಾಗಿ ನಿಂತಿತು. ಎಣ್ಣೆ ತನ್ನ ಕರ್ತವ್ಯ ಮರೆಯಲಿಲ್ಲ! ನಾನೂ ತಂದೆಯ ಕರ್ತವ್ಯ ಮರೆಯಲಿಲ್ಲ. ಹಿಂದಿನ ಬಂಪರ್ ಹತ್ತಿ ಕುಣಿಯತೊಡಗಿದೆ.

ಎದುರುಮನೆಯ ಅಜ್ಜಿ ಗೇಟಿಗೆ ಬಂದರು. "ಏನಪ್ಪಾ ಇದು?"

"ಮಗೂನ ಮಲಗಿಸ್ತಿದೀನಿ ಅಜ್ಜಿ!"

"ಎತ್ಕೊಂಡು ಬೆನ್ನು ತಟ್ಟಿದ್ರೆ ಆಗಲ್ವಾ?"

"ಅದೆಲ್ಲ ಹಳೇ ತಂತ್ರಜ್ಞಾನ!"

ಮಗಳು ಅಳು ನಿಲ್ಲಿಸಿ ಚಪ್ಪಾಳೆ ತಟ್ಟಿದಳು. ಅರ್ಧ ಗಂಟೆ ಕುಣಿದೆ. ಬೆವರಲ್ಲಿ ತೊಯ್ದು ನಿಂತಾಗ ಹೆಂಡತಿ ಹೊರಗೆ ಬಂದಳು. ಮುಖ ಕೆಂಪಾಗಿತ್ತು.

"ಗಲಾಟೆ ಕೇಳಿಸ್ತಾ?"

"ಕೇಳಿಸೋದೇನು, ಕಾಣಿಸ್ತು! ನನ್ನ ಬೆನ್ನ ಹಿಂದಿನ ಕಿಟಕೀಲಿ ನಿಮ್ಮ ತಲೆ ಮೇಲೆ ಬರ್ತಿತ್ತು, ಕೆಳಗೆ ಹೋಗ್ತಿತ್ತು. ಇಂಟರ್‌ವ್ಯೂ ಮಾಡ್ತಿದ್ದ ಮೂರು ಜನಾನೂ ನನ್ನ ಬಿಟ್ಟು ಅದನ್ನೇ ನೋಡ್ತಿದ್ರು."

"ಅಯ್ಯೋ! ಕೆಲಸ ಹೋಯ್ತಾ?"

"ಇಲ್ಲ. 'ಕಷ್ಟದ ಮನುಷ್ಯರ ಜೊತೆ ಹೊಂದ್ಕೊಂಡು ಹೋದ ಅನುಭವ ಇದೆಯಾ?' ಅಂತ ಕೇಳಿದ್ರು. 'ಅಲ್ಲಿ ಕುಣೀತಿರೋರು ನಮ್ಮ ಯಜಮಾನ್ರು' ಅಂದೆ. ಸೋಮವಾರದಿಂದ್ಲೇ ಬನ್ನಿ ಅಂದ್ರು!"