ಶತ್ರು ಮೇಲೆ ಕಾಯ್ತಿದ್ದಾನೆ, ಬೇಗ ಬನ್ನಿ

ಗ್ಯಾರೇಜಿನಲ್ಲಿ ಕಾರು ಇಟ್ಟುಕೊಂಡವರ ಸಂಸಾರ ನೆಮ್ಮದಿಯಾಗಿ ನಡೆಯುತ್ತದೆ. ಯುದ್ಧವಿಮಾನ ಇಟ್ಟುಕೊಂಡವರ ಮನೆಗೆ ಮಾತ್ರ ವಾರಕ್ಕೊಂದು ಗ್ರಹಚಾರ ತಾನಾಗಿಯೇ ಗೇಟು ತೆಗೆದುಕೊಂಡು ಒಳಗೆ ಬರುತ್ತದೆ.

ನಮ್ಮ ಮನೆ ಇರುವುದು ಅಟ್ಟೂರಿನಲ್ಲಿ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು ನಾನು. ಯಲಹಂಕದ ಕಡೆಯಿಂದ ವಿಮಾನದ ಸದ್ದು ಕೇಳಿದರೆ ಇವತ್ತಿಗೂ ಅನ್ನದ ತಟ್ಟೆ ಬಿಟ್ಟು ಟೆರೇಸಿಗೆ ಓಡುತ್ತೇನೆ. ಹಾರಿಸುವ ಭಾಗ್ಯ ಈ ಜನ್ಮದಲ್ಲಿ ಇಲ್ಲವಲ್ಲ ಅಂತ ಕೊರಗುತ್ತಿದ್ದಾಗ ಈ ಕಂಪ್ಯೂಟರ್ ಆಟ ಸಿಕ್ಕಿತು. ಇದನ್ನು ಆಟ ಅಂದರೆ ಅದಕ್ಕೆ ಅವಮಾನ. ನಿಜವಾದ ಯುದ್ಧವಿಮಾನದಲ್ಲಿ ಎಷ್ಟು ಸ್ವಿಚ್ಚು ಇದೆಯೋ ಅಷ್ಟೂ ಇದರಲ್ಲಿದೆ, ಅಷ್ಟನ್ನೂ ಸರಿಯಾಗಿ ಒತ್ತದಿದ್ದರೆ ಎಂಜಿನ್ ಕೆಮ್ಮುವುದೂ ಇಲ್ಲ. ಗುಜರಿಯಿಂದ ಕಾರಿನ ಸೀಟು ತಂದೆ, ಎದುರಿಗೆ ಮೂರು ಪರದೆ ನಿಲ್ಲಿಸಿದೆ, ವಿಮಾನ ತಿರುಗಿಸುವ ಕೋಲು, ಪೆಡಲು, ದೊಡ್ಡ ಸ್ಪೀಕರ್ ಜೋಡಿಸಿ, ಬಡಾವಣೆಯವರೆಲ್ಲ ಬಂದು ಹಾರಲಿ ಎಂದು ಗ್ಯಾರೇಜಿನ ಬಾಗಿಲು ತೆರೆದೆ.

ಯುದ್ಧ ಅಂದ ಮೇಲೆ ಶತ್ರು ಬೇಕಲ್ಲ. ಆ ಶತ್ರು ನಾನೇ. ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಇನ್ನೊಂದು ವಿಮಾನ ಹಾರಿಸುತ್ತಾ, ಆಡುವವರು ಮೇಲೆ ಬರುವುದನ್ನು ಕಾಯಬೇಕು. ಬಂದಮೇಲೆ ಒಂದೆರಡು ಸುತ್ತು ಆಟವಾಡಿಸಿ, ಮರ್ಯಾದೆಯಾಗಿ ಹೊಡೆಸಿಕೊಂಡು ಬೀಳಬೇಕು. ನಾನು ಹಾಕಿಕೊಂಡ ನಿಯಮ ಅದು. ಮನೆಯಾಕೆಗೆ ಮಾತ್ರ ಒಳಗೆ ಕೂತು ಉಸ್ತುವಾರಿ ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿದ್ದೆ. ಮನೆ ಯಜಮಾನನೇ ಶತ್ರು ಅಂತ ಯಾರು ಹೇಳಿಕೊಂಡು ತಿರುಗುತ್ತಾರೆ?

ಮನೆಯಾಕೆಯ ಕಣ್ಣು ಆ ಗ್ಯಾರೇಜಿನ ಮೇಲೆ ಮೊದಲಿನಿಂದಲೂ ಇತ್ತು. ಅವಳ ಹೋಳಿಗೆಗೆ ಬಡಾವಣೆಯಲ್ಲಿ ಒಳ್ಳೆಯ ಹೆಸರು. ರಸ್ತೆಗೆ ಮುಖ ಮಾಡಿದ ಆ ಜಾಗದಲ್ಲಿ ಒಲೆ ಹೂಡಿ, ಕಾವಲಿ ಇಟ್ಟು ವ್ಯಾಪಾರ ಮಾಡಬೇಕೆಂದು ಅವಳ ಆಸೆ. ಒಂದು ದಿನ ಸೊಂಟಕ್ಕೆ ಸೆರಗು ಸಿಕ್ಕಿಸಿ ಷರತ್ತು ಹಾಕಿದಳು. "ಈ ಸಲದ ಯಲಹಂಕದ ವಿಮಾನ ಪ್ರದರ್ಶನ ಮುಗಿಯೋದ್ರೊಳಗೆ ಒಬ್ಬರು, ಒಬ್ಬರೇ ಒಬ್ಬರು, ನೀವು ಕೇಳ್ದೆ ತಾವಾಗೇ 'ನಾಳೆನೂ ಬರ್ತೀನಿ' ಅನ್ಲಿ. ಅಂದ್ರೆ ನಿಮ್ಮ ವಿಮಾನ ಇರ್ಲಿ. ಇಲ್ಲಾಂದ್ರೆ ಅದು ಗುಜರಿಗೆ, ನನ್ನ ಒಲೆ ಗ್ಯಾರೇಜಿಗೆ."

ಒಪ್ಪಿಕೊಂಡೆ. ಅಡುಗೆಮನೆಯ ಕಿಟಕಿ ಗ್ಯಾರೇಜಿಗೇ ತೆರೆಯುತ್ತದೆ ಎಂಬುದು ಆಮೇಲೆ ನೆನಪಾಯಿತು. ಬಂದವರ ಅಭಿಪ್ರಾಯವೆಲ್ಲ ನನಗಿಂತ ಮೊದಲು ಅವಳ ಕಿವಿಗೆ ಬೀಳುತ್ತಿತ್ತು.

ರೋಡ್ ಚೆನ್ನಾಗಿದೆ

ಮೊದಲು ಬಂದವರು ಹಿಂದಿನ ಬೀದಿಯ ನಿವೃತ್ತ ಬಸ್ ಡ್ರೈವರು. ಪೆಡಲ್ ಕೆಳಗೆ ನಿಂಬೆಹಣ್ಣು ಇಟ್ಟು, ಕೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು. ಎಂಜಿನ್ ನಾನೇ ಚಾಲೂ ಮಾಡಿಕೊಟ್ಟೆ. "ಜೋರಾಗಿ ಓಡ್ಸಿ, ಆಮೇಲೆ ಕೋಲು ಹಿಂದಕ್ಕೆ ಎಳೀರಿ, ಏರುತ್ತೆ" ಎಂದು ಹೇಳಿ ಒಳಗೆ ಓಡಿ, ಆಕಾಶದಲ್ಲಿ ಕಾದೆ.

ಎಷ್ಟು ಸುತ್ತು ಹಾಕಿದರೂ ಮನುಷ್ಯ ಮೇಲೆ ಬರಲೊಲ್ಲ. ಕೆಳಗೆ ನೋಡಿದರೆ ರನ್‌ವೇಯ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ, ನಿಧಾನಕ್ಕೆ ತಿರುಗಿಸುತ್ತಾರೆ, ಎಡಗಡೆಯಲ್ಲೇ ವಾಪಸ್ ಬರುತ್ತಾರೆ.

"ಸಾರ್, ಶತ್ರು ಮೇಲೆ ಕಾಯ್ತಿದ್ದಾನೆ, ಬೇಗ ಬನ್ನಿ!" ಎಂದು ಒಳಗಿನಿಂದಲೇ ಕೂಗಿದೆ.

"ಕಾಯ್ಲಿ ಬಿಡಿ!"

ಕಡೆಗೆ ಇಳಿದು ಬಂದಾಗ ಮುಖದಲ್ಲಿ ತೀರ್ಥಯಾತ್ರೆ ಮುಗಿಸಿದ ಕಳೆ. "ಒಂದು ಹಂಪಿಲ್ಲ, ಗುಂಡಿಯಿಲ್ಲ, ಹೆಬ್ಬಾಳದ ಜಾಮ್ ಇಲ್ಲ. ಸರ್ವೀಸಲ್ಲಿ ಇಂಥ ರೋಡ್ ಒಂದಿನ ಸಿಗ್ಲಿಲ್ಲ ಸ್ವಾಮಿ. ಇದನ್ನ ಬಿಟ್ಟು ಮೇಲೆ ಯಾವನ್ ಹೋಗ್ತಾನೆ?"

ನನಗೆ ಆಸೆ ತಡೆಯಲಿಲ್ಲ. "ಹಾಗಾದ್ರೆ ನಾಳೆ..." ಎಂದು ಬಾಯಿ ತೆರೆದೆ.

"ಕೇಳಂಗಿಲ್ಲ!" ಎಂದಿತು ಅಡುಗೆಮನೆಯ ಕಿಟಕಿ.

ಗೆದ್ದವರು

ಮುಂದಿನವರು ಹುಬ್ಬಳ್ಳಿ ಕಡೆಯಿಂದ ಬಂದು ಇಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುವ ಮೇಷ್ಟ್ರು. ಎಂಜಿನ್ ನಾನೇ ಚಾಲೂ ಮಾಡುತ್ತೇನೆ ಎಂದರೆ ಕೈ ಹಿಡಿದರು. "ಬ್ಯಾಡ್ರಿ. ಪದ್ಧತಿ ಪ್ರಕಾರನ ಆಗ್ಲಿ. ಅಡ್ಡದಾರಿ ನಮಗ ಸೇರೂದಿಲ್ಲ."

ಪದ್ಧತಿ ಪ್ರಕಾರ ಅಂದರೆ ಸುಮ್ಮನೆ ಅಲ್ಲ. ಸ್ವಿಚ್ಚುಗಳ ಮೇಲೆ ಸ್ವಿಚ್ಚು. ಅದರಲ್ಲೂ ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂದು ವಿಮಾನ ಲೆಕ್ಕ ಹಾಕಿಕೊಳ್ಳುವವರೆಗೆ ಅದನ್ನು ಅಲುಗಿಸುವಂತಿಲ್ಲ, ನಿಜವಾದ ವಿಮಾನದಲ್ಲಿ ಇರುವಂತೆಯೇ. ನಾನು ಆಗಲೇ ಆಕಾಶಕ್ಕೇರಿ ಕಾಯುತ್ತಿದ್ದೆ. ಕಾಯುತ್ತಿದ್ದಂತೆ ಗ್ಯಾರೇಜಿನ ಕಡೆಯಿಂದ ಎಣ್ಣೆಗಾಯಿಯ ವಾಸನೆ ಬಂತು.

ಹೋಗಿ ನೋಡಿದರೆ ಮೇಷ್ಟ್ರು ಯುದ್ಧವಿಮಾನದಲ್ಲಿ ಬುತ್ತಿ ಬಿಚ್ಚಿದ್ದಾರೆ. ಕೋಲಿನ ಪಕ್ಕದಲ್ಲಿ ಜೋಳದ ರೊಟ್ಟಿ, ಪರದೆಯ ಮುಂದೆ ಶೇಂಗಾ ಚಟ್ನಿ. "ಅದು ಲೆಕ್ಕಾ ಹಾಕ್ಲಿ, ನಾವು ಊಟಾ ಮಾಡೂಣು. ಬರ್ರಿ, ಕೂಡ್ರಿ" ಅಂದರು. ರೊಟ್ಟಿ ಎಂದರೆ ನನಗೆ ಪ್ರಾಣ. ಕೂತೆ. ಮಾತಿಗೆ ಮಾತು ಬೆಳೆಯಿತು, ರೊಟ್ಟಿಗೆ ರೊಟ್ಟಿ ಸೇರಿತು. ಅಷ್ಟರಲ್ಲಿ ಪರದೆಯ ಮೇಲೆ ದೊಡ್ಡದಾಗಿ ಬಂತು: ಶತ್ರು ವಿಮಾನ ಪತನ, ನಿಮಗೆ ಜಯ.

ನಾನು ಬಿಟ್ಟುಬಂದ ವಿಮಾನ ಮೇಲೆ ಒಂದೇ ಸಮನೆ ಸುತ್ತಿ, ಇಂಧನ ಮುಗಿದು ತಾನಾಗಿಯೇ ಬಿದ್ದಿತ್ತು. ಮೇಷ್ಟ್ರ ವಿಮಾನದ ಗಾಲಿ ಇನ್ನೂ ಒಂದು ಸುತ್ತು ತಿರುಗಿರಲಿಲ್ಲ. ವಿಷಯ ಹೇಳಿದೆ. ಬಿದ್ದು ಬಿದ್ದು ನಕ್ಕರು. "ನೋಡ್ರಿ, ನಮ್ಮ ಕಡೆ ಶತ್ರುನ್ನ ರೊಟ್ಟಿ ಕೊಟ್ಟ ಕೆಡವ್ತೀವಿ."

ಪುಣ್ಯಕ್ಕೆ ಮನೆಯಾಕೆ ಬೇಳೆ, ಬೆಲ್ಲ ತರಲು ಯಶವಂತಪುರಕ್ಕೆ ಹೋಗಿದ್ದಳು, ನನ್ನ ಗುಟ್ಟು ಉಳಿಯಿತು. ಮೇಷ್ಟ್ರು ಹೊರಡುವಾಗ ನಾಳೆಯ ಮಾತು ಅವರಾಗಿಯೇ ತೆಗೆದರು, ನನ್ನ ಎದೆ ಹಿಗ್ಗಿತು.

"ನಾಳೆ ಬರೂದಿಲ್ರಿ. ಒಮ್ಮೆ ಗೆದ್ದ ಮ್ಯಾಲ ಮತ್ತ ಯಾಕ ಬರೂದು?"

ಖಾಲಿ ಸೈಟು

ಈ ಆಟಕ್ಕೆ ಯಾರೋ ಪುಣ್ಯಾತ್ಮರು ನಮ್ಮ ಕಡೆಯ ಭೂಪಟ ಮಾಡಿ ಹಂಚಿದ್ದರು. ಹೆಸರಘಟ್ಟದ ಕೆರೆಯಿಂದ ಹಿಡಿದು ನಮ್ಮ ಬಡಾವಣೆಯ ನೀರಿನ ಟ್ಯಾಂಕಿನವರೆಗೆ ಎಲ್ಲ ಅದರಲ್ಲಿ ಕಾಣುತ್ತಿತ್ತು. ಅದನ್ನು ಹಾಕಿದ್ದೇ ತಪ್ಪಾಯಿತು. ಬಡಾವಣೆ ಸಂಘದ ಕಾರ್ಯದರ್ಶಿ ಮೇಡಂ ಬಂದರು.

ಧೈರ್ಯವಂತೆ. ಮೊದಲ ಸಲಕ್ಕೇ ವಿಮಾನ ಏರಿಸಿದರು. ಕೊನೆಗೂ ಒಬ್ಬರು ಬಂದರಲ್ಲ ಎಂದು ನಾನು ಖುಷಿಯಿಂದ ಎದುರಿಗೆ ಹೋದೆ. ಅವರು ನನ್ನನ್ನು ಕಣ್ಣೆತ್ತಿಯೂ ನೋಡದೆ ಅಟ್ಟೂರಿನ ಕಡೆ ತಿರುಗಿಸಿಕೊಂಡು ಹೋದರು. ನಾನು ಹಿಂದೆ ಬಿದ್ದೆ. ಅಪಾಯ ಎಂದು ಅವರ ವಿಮಾನ ಬಡಕೊಳ್ಳತೊಡಗಿತು.

"ರೀ, ಆ ಪೀಂ ಪೀಂ ನಿಲ್ಸಿ, ನಾನು ಮನೆ ಹುಡುಕ್ತಿದೀನಿ!"

ಹುಡುಕಿದರು. ಸಿಕ್ಕಿದ್ದನ್ನು ನೋಡಿ ಚೀರಿದರು. ಪಕ್ಕದವರ ಮನೆ ಮೂರಂತಸ್ತು, ಬಾಲ್ಕನಿ ಸಮೇತ ಇತ್ತು. ಇವರ ಮನೆಯ ಜಾಗದಲ್ಲಿ ಖಾಲಿ ಸೈಟು, ನಡುವೆ ಒಂದು ನುಗ್ಗೆಮರ. ದುಃಖದಲ್ಲಿ ಕೋಲು ಬಿಟ್ಟುಬಿಟ್ಟರು, ವಿಮಾನ ಹೋಗಿ ಆ ನುಗ್ಗೆಮರಕ್ಕೇ ಬಿತ್ತು.

"ಆಟ ಸುಳ್ಳು ಅಂದ್ಕೊಳ್ಳೋಣ ಅಂದ್ರೆ ಪಕ್ಕದವರ ಗಿಡದ ಕುಂಡನೂ ಸರಿಯಾಗಿ ತೋರ್ಸಿದೆ. ಇದನ್ನ ನೋಡಿ ನಾಳೆ ಯಾವನಾದ್ರೂ ಬಂದು ನಮ್ಮ ಜಾಗಕ್ಕೆ ಬೇಲಿ ಹಾಕಿದ್ರೆ ನೀವು ಜವಾಬ್ದಾರಿನಾ?"

ನಾನು ಸಮಾಧಾನ ಹೇಳಿ ಕಳಿಸಿದೆ. ಸಂಜೆ ಅವರ ಮನೆ ಮುಂದೆ ಹಾದುಹೋಗುವಾಗ ನೋಡುತ್ತೇನೆ, ತಾವೇ ವಾಸವಿರುವ ಮನೆಯ ಗೇಟಿಗೆ ಬೋರ್ಡು ತೂಗುಹಾಕಿದ್ದಾರೆ: ಈ ಸ್ವತ್ತು ಮಾರಾಟಕ್ಕಿಲ್ಲ.

ನಿಜವಾದ ಪೈಲಟ್

ಇನ್ನು ಉಳಿದಿದ್ದ ಆಸೆ ಒಂದೇ. ಬಡಾವಣೆಯ ಕೊನೆ ಮನೆಗೆ ಬಾಡಿಗೆಗೆ ಬಂದಿದ್ದ, ವಾಯುಪಡೆಯಲ್ಲಿ ನಿಜವಾಗಿ ಯುದ್ಧವಿಮಾನ ಹಾರಿಸಿದ್ದ ನಿವೃತ್ತರು. ಅವರೊಬ್ಬರು ಚೆನ್ನಾಗಿದೆ ಎಂದರೆ ಸಾಕು, ಮಿಕ್ಕವರ ಬಾಯಿ ಮುಚ್ಚುತ್ತದೆ. ಕೈಕಾಲು ಹಿಡಿದು ಕರೆತಂದೆ.

ಸುದ್ದಿ ಹಬ್ಬಿ ಗ್ಯಾರೇಜು ತುಂಬಿತು. ಅವರು ಶಾಂತವಾಗಿ ಎಲ್ಲ ಸ್ವಿಚ್ಚು ಒತ್ತಿ, ಎಂಜಿನ್ ಚಾಲೂ ಮಾಡಿದರು. ಹಿಂದೆ ನಿಂತಿದ್ದ ಬಸ್ ಡ್ರೈವರು "ಲೆಫ್ಟ್ ತಗೊಳ್ಳಿ ಸಾರ್, ಇನ್ನೂ ಜಾಗ ಇದೆ" ಎಂದರು. ಮೇಷ್ಟ್ರು "ಪದ್ಧತಿ ಪ್ರಕಾರ ಹೋಗ್ರಿ" ಎಂದರು. ಕಾರ್ಯದರ್ಶಿ ಮೇಡಂ "ಮೊದಲು ನಮ್ಮ ಬೀದಿ ಮೇಲೆ ಹೋಗಿ, ಮನೆ ಬಂದಿದ್ಯಾ ನೋಡಿ" ಎಂದರು. "ಗುರು, ಈಗ ಎಳೀರಿ!" "ಅಯ್ಯೋ, ಈಗ್ಲೇ ಬೇಡ ಕಣ್ರೀ!" ಯಾರೋ ಸಹಾಯ ಮಾಡಲು ಹೋಗಿ ಪೆಡಲೂ ತುಳಿದರು. ಜೀವಮಾನವೆಲ್ಲ ಹಾರಿಸಿದ ಮನುಷ್ಯ ರನ್‌ವೇ ದಾಟಿ ಗೋಡೆಗೆ ಗುದ್ದಿದರು.

ಅವರು ಹೆಡ್‌ಫೋನ್ ತೆಗೆದಿಟ್ಟು, ಕರವಸ್ತ್ರದಿಂದ ಮುಖ ಒರೆಸಿಕೊಂಡು ಎದ್ದರು.

"ಹೇಗಿದೆ ಸಾರ್?" ಎಂದೆ.

"ನಿಜವಾದ್ದೇ ಸುಲಭ. ಅಲ್ಲಿ ಶತ್ರುಗಳು ಎದುರಿಗೆ ಇರ್ತಾರೆ, ಹಿಂದೆ ನಿಂತಿರಲ್ಲ."

ಹದ್ದು

ವಿಮಾನ ಪ್ರದರ್ಶನ ಬಂದೇಬಿಟ್ಟಿತು. ಆ ದಿನಗಳಲ್ಲಿ ಯಲಹಂಕದ ಸುತ್ತಮುತ್ತ ಮಾಂಸದಂಗಡಿಗಳಿಗೆ ಬಾಗಿಲು. ಮಾಂಸದ ಚೂರಿಗೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿದರೆ ಅನಾಹುತ ಎಂದು. ನಮ್ಮ ಮುಖ್ಯರಸ್ತೆಯ ಮಟನ್ ಅಂಗಡಿ ಭಾಯ್ ಪ್ರತಿ ಸಲವೂ ಅಂಗಡಿ ಮುಚ್ಚಿ, ಆಕಾಶ ನೋಡಿ ಬೈಯುತ್ತಾ ಕೂರುತ್ತಿದ್ದರು. ಪ್ರದರ್ಶನದ ಕೊನೆಯ ದಿನಕ್ಕೆ ಒಂದು ದಿನ ಮೊದಲು, ಹೊತ್ತು ಹೋಗದೆ ನಮ್ಮ ಗ್ಯಾರೇಜಿಗೆ ಬಂದರು.

"ಅಷ್ಟು ದೊಡ್ಡ ವಿಮಾನಕ್ಕೆ ಒಂದು ಹದ್ದು ಏನ್ ಮಾಡ್ತದೆ ಜೀ? ಸಬ್ ಬಹಾನಾ, ಬರೀ ನೆಪ" ಎನ್ನುತ್ತಲೇ ಕೂತರು. ವಿಮಾನ ಏರಿತು. ಏರಿದ ಅರೆಕ್ಷಣದಲ್ಲಿ ಪರದೆಯ ಮೂಲೆಯಿಂದ ಒಂದು ಕಪ್ಪು ಚುಕ್ಕೆ ಬಂತು, ಢಬ್ ಎಂದಿತು, ಎಂಜಿನ್ ಹೊಗೆಯಾಯಿತು, ಆಟ ಮುಗಿಯಿತು. ಭಾಯ್ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಮನೆಯಾಕೆ ಟೇಪು ತಂದು ಗ್ಯಾರೇಜು ಅಳೆಯತೊಡಗಿದಳು. ನನಗೆ ನಿಜಕ್ಕೂ ಅಳು ಬಂದಂತಾಯಿತು.

ಮರುದಿನ, ಕೊನೆಯ ದಿನ, ಭಾಯ್ ಮತ್ತೆ ಬಂದರು. "ರಾತ್ರಿ ನಿದ್ದೆ ಬರ್ಲಿಲ್ಲ ಜೀ. ಆ ಹದ್ದು ನಮ್ಮ ಅಂಗಡಿದೇ ಅನ್ನಿಸ್ತು. ಇನ್ನೊಂದ್ಸಲ ಕೂರ್ತೀನಿ."

"ನೋಡು, ಬಂದ್ರು!" ಎಂದು ನಾನು ಕುಣಿದೆ.

"ಬಂದ್ರು. ಬರ್ತೀನಿ ಅಂತ ಹೇಳಿ ಬಂದ್ರಾ? ಹೇಳ್ಬೇಕಿತ್ತು" ಎಂದಳು ಮನೆಯಾಕೆ, ಟೇಪು ಬಿಡದೆ.

ಸೋತ ಮುಖ ಹೊತ್ತು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಕೊನೆಯ ಬಾರಿಗೆ ಶತ್ರುವಾದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ವಿಮಾನ ಏರಿತು. ಹದ್ದು ಬರಲಿಲ್ಲ. ಮನೆ ಹುಡುಕಲಿಲ್ಲ. ನೆಟ್ಟಗೆ ನನ್ನ ಕಡೆಗೇ ಬಂತು. ಇಷ್ಟು ಕಾಲದಲ್ಲಿ ನನ್ನೆದುರಿಗೆ ಬಂದ ಮೊದಲ ಜೀವ! ಹತ್ತಿರ ಬಂದದ್ದೇ ಇದ್ದಬದ್ದದ್ದನ್ನೆಲ್ಲ ನನ್ನ ಮೇಲೆ ಸುರಿಯಿತು, ಒಂದೂ ತಾಗಲಿಲ್ಲ. ನನ್ನ ರಕ್ತ ಬಿಸಿಯಾಯಿತು. ಹೊಡೆಸಿಕೊಂಡು ಬೀಳಬೇಕೆಂಬ ನಿಯಮ ಮರೆತೇಹೋಯಿತು. ಹಿಂದೆ ಬಂದು ಗುಂಡಿ ಒತ್ತಿದೆ. ಎದುರಿನ ವಿಮಾನ ಬೆಂಕಿಯ ಉಂಡೆಯಾಗಿ ಉರಿಯಿತು.

"ಯಾವನ್ರೀ ಅವನು!" ಎಂದು ಗ್ಯಾರೇಜಿನಿಂದ ಕೂಗು ಕೇಳಿಸಿತು.

ಅದು ಭಾಯ್ ದನಿಯಲ್ಲ. ನಾನು ಮದುವೆಯಾದ ದನಿ.

ನಡೆದದ್ದಿಷ್ಟು. ಅವಳ ಕೈಯ ಟೇಪು ನೋಡಿ, ಷರತ್ತಿನ ಕಥೆಯೆಲ್ಲ ಕೇಳಿ ಭಾಯ್ ಮನಸ್ಸು ಕರಗಿ, "ಗುಜರಿಗೆ ಹಾಕೋ ಮೊದ್ಲು ಒಂದ್ಸಲ ಕೂತ್ ನೋಡಿ ಭಾಬಿ" ಎಂದು ತಮ್ಮ ಜಾಗ ಬಿಟ್ಟುಕೊಟ್ಟಿದ್ದರು.

ಬಾಗಿಲು ದಡ್ಡನೆ ತೆರೆಯಿತು. ಅವಳ ಕೂದಲು ಕೆದರಿತ್ತು, ಕಣ್ಣು ಕೆಂಪಾಗಿತ್ತು. ಹಿಂದೆಯೇ ಭಾಯ್. ನಾನು ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ 'ನಿಮಗೆ ಜಯ' ಎಂಬುದನ್ನು ಭಾಯ್ ಮಾತ್ರ ನೋಡಿಬಿಟ್ಟರು.

"ನನ್ನ ಹೊಡ್ದಿದ್ದು ಯಾರು? ಹಿಂದಿನಿಂದ ಬಂದು ಹೊಡೀತಾನಲ್ಲ, ನಾಚಿಕೆ ಆಗ್ಬಾರ್ದಾ?"

ಭಾಯ್ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. "ಯಾರೋ ಹೊರಗಿನವನು ಭಾಬಿ. ಬಹುತ್ ಬದ್ಮಾಶ್."

"ಇರ್ಲಿ. ನಾಳೆನೂ ಬರ್ತೀನಿ. ಅವನಿಗೆ ಇದೆ!"

"ಭಾಬಿ, ಹೇಳ್ಬಿಟ್ರಿ!" ಎಂದು ಭಾಯ್ ಚಪ್ಪಾಳೆ ತಟ್ಟಿದರು. ಅವಳು ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ.

ಹೀಗೆ ವಿಮಾನ ಉಳಿಯಿತು. "ಹೋಳಿಗೆ?" ಎಂದು ಮೆಲ್ಲಗೆ ಕೇಳಿದೆ. "ನಾನು ಯುದ್ಧದಲ್ಲಿದ್ದೀನಲ್ಲ, ನೀವು ಮಾಡಿ" ಎಂದಳು. ಈಗ ದಿನಾ ಮಧ್ಯಾಹ್ನ ಅಡುಗೆಮನೆಯಲ್ಲಿ ಕಣಕ ತಟ್ಟುವವನು ನಾನು. ಅವಳು ಗ್ಯಾರೇಜಿನಲ್ಲಿ ಹೆಡ್‌ಫೋನ್ ಏರಿಸಿಕೊಂಡು ಹೆಸರಘಟ್ಟದಿಂದ ಹೆಬ್ಬಾಳದವರೆಗೆ ಆಕಾಶ ಜಾಲಾಡುತ್ತಾಳೆ. ಶತ್ರುವಿನ ಸುಳಿವೇ ಇಲ್ಲ.

"ನನಗೆ ಹೆದರ್ಕೊಂಡು ಎಲ್ಲೋ ಅವಿತ್ಕೊಂಡಿದ್ದಾನೆ ರೀ" ಎಂದು ಕಿಟಕಿಯಿಂದ ಕೂಗುತ್ತಾಳೆ.

"ಇರ್ಬೋದು ಕಣೇ" ಎಂದು ನಾನು ಹೋಳಿಗೆ ಮಗುಚುತ್ತೇನೆ.