ಹಂಸ ಕೆಡಿಸಿದ ಕೊಸರು

ತೊಂಬತ್ತರ ದಶಕದಲ್ಲಿ ಸೇಲಂನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿ ಯಂತ್ರಗಳು ತಾವಾಗಿ ಕೆಡುತ್ತಿದ್ದುದು ಕಡಿಮೆ. ನಮ್ಮ ಯಜಮಾನರು ಕೆಡಿಸುತ್ತಿದ್ದುದೇ ಹೆಚ್ಚು.

೧. ಅದೇ ರೇಟು

ಕೊಸರು ಸಿಗದಿದ್ದರೆ ಯಜಮಾನರಿಗೆ ತಿಂದದ್ದು ಅರಗುತ್ತಿರಲಿಲ್ಲ. ಸೊಪ್ಪು ಕೊಂಡರೆ ಕರಿಬೇವು, ಹೂ ಕೊಂಡರೆ ಇನ್ನೊಂದು ಗೇಣು ಬೇಕೇಬೇಕು.

ಆಗ ನಾವು ಕೈಮಗ್ಗಕ್ಕೊಂದು ಪೆಟ್ಟಿಗೆ ಮಾಡುತ್ತಿದ್ದೆವು. ಕಂಪ್ಯೂಟರ್ ತಂತಿಯಲ್ಲಿ ಡಿಸೈನ್ ಕಳಿಸುತ್ತದೆ, ಪೆಟ್ಟಿಗೆಯ ಚಿಪ್ ಅದನ್ನು ಕೇಳಿಸಿಕೊಂಡು ಎಳೆಗಳನ್ನು ಎತ್ತಿಸುತ್ತದೆ. ಚಿಪ್‌ಗೆ ತಾಳ ಹಾಕುವುದು ಕ್ರಿಸ್ಟಲ್ ಎಂಬ ಪುಟ್ಟ ಬಿಡಿಭಾಗ. 11.0592 ಮೆಗಾಹರ್ಟ್ಸ್‌ನದು ತನ್ನಿ ಎಂದು ಹೇಳಿ ಕಳಿಸಿದೆ. ಯಜಮಾನರು ತಂದವರೇ ತಾವೇ ಬೆಸುಗೆ ಹಾಕಿ, ಮುಚ್ಚಳ ಬಿಗಿದು, ಮೀಸೆ ತಿರುವಿದರು.

೨. ಯಾವ ಪ್ರಾಣಿ?

ಪೆಟ್ಟಿಗೆ ಹೋದದ್ದು ಹಿಂದಿನ ಬೀದಿಯಲ್ಲಿ ಸೀರೆ ನೇಯುತ್ತಿದ್ದ, ನಾವೆಲ್ಲ ಚಿಕ್ಕಮ್ಮ ಎನ್ನುತ್ತಿದ್ದವರ ಮನೆಗೆ. ಮಗಳ ಮುಹೂರ್ತದ ಸೀರೆ, ಅಂಚಿಗೆ ಹಂಸ. ಒಂದು ಮೊಳ ನೇಯುವಷ್ಟರಲ್ಲಿ ನನಗೆ ಕರೆ ಬಂತು.

"ಏನ್ಲಾ ಇದು? ಅಂಸ ಕೇಳುದ್ರೆ ಕೊಂಬು ಬಂದೈತೆ!"

ತಂತಿ ಬದಲಿಸಿದೆ. ಕಂಪ್ಯೂಟರಿನ ಸ್ಪೀಡ್ ಏರಿಸಿದೆ, ಇಳಿಸಿದೆ. ಒಂದೊಂದು ಸ್ಪೀಡಿಗೆ ಒಂದೊಂದು ಹೊಸ ಪ್ರಾಣಿ ಬಂತೇ ಹೊರತು ಹಂಸ ಬರಲಿಲ್ಲ. ಕೊನೆಗೆ ಪೆಟ್ಟಿಗೆ ಬಿಚ್ಚಿದರೆ ಒಳಗೆ ಹನ್ನೆರಡರ ಕ್ರಿಸ್ಟಲ್! ಚಿಪ್‌ನ ತಾಳ ಮುಂದೋಡಿ, ಕಂಪ್ಯೂಟರ್ ಹೇಳಿದ್ದೊಂದು, ಅದು ಕೇಳಿಸಿಕೊಂಡದ್ದೊಂದು.

ಯಜಮಾನರು ಎದೆ ಉಬ್ಬಿಸಿದರು. "ಅನ್ನೊಂದು ಚಿಲ್ರೆ ಕೇಳ್ದೆ, ಅಂಗ್ಡಿಯೋನು ಪೂರಾ ಅನ್ನೆರಡು ಕೊಟ್ಟ. ಅದೇ ರೇಟು!"

೩. ಬೀಗಿತ್ತಿ

ಹನ್ನೆರಡನ್ನು ಕೀಳುವಾಗ ಅದರ ಕಾಲು ಮುರಿಯಿತು. ಅದನ್ನು ಚರಂಡಿಗೆಸೆದು ಸರಿಯಾದದ್ದು ತಂದು ಹಾಕಿದೆ. ಹಂಸ ಕತ್ತು ಬಾಗಿಸಿ ಬಂತು. ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ತಾರಮಂಗಲಂನಿಂದ ಚಿಕ್ಕಮ್ಮನ ಬೀಗಿತ್ತಿ, ಗಂಡಿನ ತಾಯಿ, ಬಂದರು. ಹಂಸ ನೋಡಿ ಮೂಗು ಮುರಿದರು. "ಇದು ಎಲ್ರ ಮನೇಲೂ ಐತೆ." ಕೆಟ್ಟ ಮೊಳ ನೋಡಿ ಕಣ್ಣರಳಿಸಿದರು. "ಸೂಪರಾ ಇರುಕ್ಕು! ಮುಹೂರ್ತಕ್ಕೆ ಇದೇ ಆಗ್ಬೇಕು."

ಚಿಕ್ಕಮ್ಮ ನನ್ನ ಅಂಗಿ ಹಿಡಿದರು. "ಆ ಕೊಂಬಿಂದೇ ಆಕ್ಕೊಡ್ಲಾ. ಇಲ್ದಿದ್ರೆ ನನ್ ಮಗಳ ಮದ್ವೆ ನಿಲ್ತೈತೆ, ನಿನ್ ಪೆಟ್ಗೆ ಬೀದಿಗ್ ಓಯ್ತೈತೆ."

ಕೊಂಬು ತಂದ ಹನ್ನೆರಡು ಚರಂಡಿ ಸೇರಿತ್ತು; ಯಜಮಾನರನ್ನು ಎಳೆದುಕೊಂಡು ಬಿಡಿಭಾಗದ ಅಂಗಡಿಗೆ ಓಡಿದೆ.

"ಅನ್ನೆರಡರ ಕ್ರಿಸ್ಟಲ್ ಒಂದು ಕೊಡಪ್ಪಾ," ಎಂದರು ಯಜಮಾನರು.

ಅಂಗಡಿಯವನು ಗುರುತು ಹಿಡಿದು ಹಲ್ಲು ಕಿರಿದ. "ವಾಂಗಣ್ಣಾ, ಬನ್ನಿ! ನಿಮ್ಗೆ ಅನ್ನೆರಡು ಯಾಕೆ? ಅದಿನಾರೇ ತಗೊಳ್ಳಿ, ಅದೇ ರೇಟು!"

ಜೀವಮಾನದಲ್ಲಿ ಮೊದಲ ಸಲ ಯಜಮಾನರು ಅಂಗಡಿಯವನಿಗೆ ಕೈ ಮುಗಿದರು. "ಕೊಸರು ಬ್ಯಾಡ ಸಾಮಿ, ಕೇಳಿದ್ದಷ್ಟೇ ಕೊಡು!"